ಮತದಾರರ ಪಟ್ಟಿಯಿಂದ ಸಮೀಕ್ಷೆಗೆ ಹೆಸರು ಆರಿಸುವ ಕ್ರಮ

ಒಂದು ಗ್ರಾಮ ಪಂಚಾಯಿತಿಯಲ್ಲಿ 200 ಮತದಾರರ ಉತ್ತರ ಬೇಕು ಅಂದುಕೊಳ್ಳಿ. ಹತ್ತರಲ್ಲಿ ಎಂಟು ಮಂದಿ ಸಿಕ್ಕಾರು ಎಂಬ ಲೆಕ್ಕದಲ್ಲಿ 250 ಹೆಸರನ್ನು ಮೊದಲೇ ಆರಿಸಿಕೊಳ್ಳಬೇಕು.

ಅರ್ಧ ಶ್ರಮ ಪಟ್ಟಿ ಸರಿಮಾಡುವುದರಲ್ಲೇ ಇದೆ. ಎಲ್ಲ ಭಾಗಗಳ (ಒಂದು ಮತಗಟ್ಟೆಗೆ ಒಂದು ಭಾಗ) ಪಟ್ಟಿಯನ್ನು ಒಂದರ ಕೆಳಗೊಂದು ಸೇರಿಸಿ. ಅಕಾರಾದಿಯಾಗಿ ಜೋಡಿಸಲು ಹೋಗಬೇಡಿ. ಬೀದಿ, ಮನೆಗಳ ಸಾಲು ಹಾಗೇ ಉಳಿದರೆ ಪ್ರತಿ ಊರಿಗೂ ಅದರ ಗಾತ್ರಕ್ಕೆ ತಕ್ಕ ಪಾಲು ತಾನಾಗಿ ಸಿಗುತ್ತದೆ. ಪಟ್ಟಿಯಿಂದ ತೆಗೆದುಹಾಕಿದವರ ಚೌಕದ ಮೇಲೆ ಅಡ್ಡ ಮುದ್ರೆ ಬಿದ್ದಿರುತ್ತದೆ, ಕ್ರಮಸಂಖ್ಯೆ ಮಾತ್ರ ಹಾಗೇ ಇರುತ್ತದೆ. ಅವನ್ನೂ, ಎರಡು ಕಡೆ ಬಂದಿರುವ ಹೆಸರನ್ನೂ ಬಿಟ್ಟು 1ರಿಂದ ಹೊಸದಾಗಿ ಸಂಖ್ಯೆ ಹಾಕಿ.

4,830 ಉಳಿದವು ಎನ್ನೋಣ. 250ರಿಂದ ಭಾಗಿಸಿದರೆ ಅಂತರ, ಅಂದರೆ ಆರಿಸಿದ ಒಂದು ಹೆಸರಿನಿಂದ ಮುಂದಿನದಕ್ಕೆ ಎಣಿಸಬೇಕಾದ ದೂರ, 19.32. ಇದನ್ನು 19 ಮಾಡಿಕೊಳ್ಳುವ ಆಸೆ ಎಲ್ಲರಿಗೂ ಬರುತ್ತದೆ. 19ರಂತೆ ಎಣಿಸಿ 250 ಆದ ಕೂಡಲೇ ನಿಲ್ಲಿಸಿದರೆ, ಎಲ್ಲಿಂದ ಶುರುಮಾಡಿದರೂ 4,750 ದಾಟುವುದಿಲ್ಲ. ಕೊನೆಯ 80 ಜನಕ್ಕೆ ಅವಕಾಶವೇ ಇಲ್ಲ. ಭಾಗದ ಕೊನೆಯಲ್ಲಿ ಇರುವುದೋ ಸೇರ್ಪಡೆಯ ಪುರವಣಿ: ಆಗಷ್ಟೇ 18 ತುಂಬಿದವರು, ಮದುವೆಯಾಗಿ ಊರಿಗೆ ಬಂದ ಸೊಸೆಯರು. ತಪ್ಪಿಹೋಗುವವರು ಇವರೇ.

ಆದ್ದರಿಂದ ದಶಮಾಂಶ ಬಿಡಬೇಡಿ. ಎಕ್ಸೆಲ್‌ನ ರ‍್ಯಾಂಡ್ ಸೂತ್ರ (0 ಮತ್ತು 1ರ ನಡುವೆ ಯಾವುದೋ ಒಂದು ಸಂಖ್ಯೆ ಕೊಡುವಂಥದ್ದು) 0.3944 ಕೊಟ್ಟಿತು ಎಂದರೆ, ಅದನ್ನು 19.32ರಿಂದ ಗುಣಿಸಿ: 7.62. ಎಣಿಕೆ ಶುರುವಾಗುವುದು ಇಲ್ಲಿಂದ. ಹಾಳೆ ಮುಟ್ಟಿದಾಗಲೆಲ್ಲ ಈ ಸಂಖ್ಯೆ ಬದಲಾಗುತ್ತದೆ, ಬಂದ ತಕ್ಷಣ ಬರಿ ಬೆಲೆಯಾಗಿ ಪೇಸ್ಟ್ ಮಾಡಿಡಿ. ಇಷ್ಟವಾಗಲಿಲ್ಲವೆಂದು ಇನ್ನೊಮ್ಮೆ ತೆಗೆಯುವಂತಿಲ್ಲ. ಮುಂದೆ 19.32 ಕೂಡಿಸುತ್ತಾ ಹೋಗಿ: 7.62, 26.94, 46.26, 65.58. ಪ್ರತಿಯೊಂದನ್ನೂ ಮೇಲಿನ ಪೂರ್ಣಾಂಕಕ್ಕೆ ಏರಿಸಿದರೆ 8, 27, 47, 66ನೆಯ ಹೆಸರುಗಳು. 250ನೆಯದು 4,819ಕ್ಕೆ ಬೀಳುತ್ತದೆ. ಕೂಡಿಸುವಾಗ ದಶಮಾಂಶ ಇರಲಿ, ಏರಿಸುವುದು ಕೊನೆಗೆ.

ಅಂತರ ಸರಿಯಾಗಿ 20 ಬಂದರೆ ಹುಷಾರು. ಗಂಡ, ಹಿಂದೆಯೇ ಹೆಂಡತಿ ಎಂಬಂತೆ ಹೆಸರು ಸಾಗುವ ಬೀದಿಯಲ್ಲಿ ಸಾಲಾಗಿ ಗಂಡಸರೇ ಬೀಳಬಹುದು. ಊರಿಗೆ ಹೊರಡುವ ಮುಂಚೆ, ಆರಿಸಿದವರ ಗಂಡು-ಹೆಣ್ಣು ಪ್ರಮಾಣವನ್ನು ಪಟ್ಟಿಯ ಮೊದಲ ಪುಟದ ಲೆಕ್ಕದೊಂದಿಗೆ ಹೋಲಿಸಿ ನೋಡಿ.

ಬಾಗಿಲು ಹಾಕಿದ್ದರೆ ಪಕ್ಕದ ಮನೆಯವರನ್ನು ಕೇಳಿ ಮುಗಿಸಬೇಡಿ. ಹಗಲು ಮನೆಯಲ್ಲಿರುವವರದೇ ಉತ್ತರ ತುಂಬಿಬಿಡುತ್ತದೆ. ಬೆಳಗ್ಗೆ, ಸಂಜೆ, ಭಾನುವಾರ ಎಂದು ಮತ್ತೆ ಹೋಗಿ. ಆಗಲೂ ಸಿಗದಿದ್ದರೆ ‘ಸಿಗಲಿಲ್ಲ’ ಎಂದೇ ಬರೆಯಿರಿ.

ಕುಟುಂಬದ ಆದಾಯದಂಥ ಪ್ರಶ್ನೆಗೆ ಈ ಪಟ್ಟಿಯನ್ನು ನೇರವಾಗಿ ಬಳಸಬಾರದು. ಆರು ಮತದಾರರ ಮನೆಗೆ ಒಬ್ಬರೇ ಇರುವ ಮನೆಗಿಂತ ಆರು ಪಟ್ಟು ಅವಕಾಶ ಇರುತ್ತದೆ. ಅಲ್ಲಿ ಮನೆಗಳದೇ ಪಟ್ಟಿ ಬೇಕು.