ದಾವಣಗೆರೆಯ ಬೆಣ್ಣೆಯಲ್ಲಿ ಚಾಕೊಲೇಟ್ ಚಿಪ್ ಕುಕೀಸ್

ಬೆಣ್ಣೆ ದೋಸೆಗೆ ಹೆಸರಾದ ದಾವಣಗೆರೆಯಲ್ಲಿ ಬೆಣ್ಣೆಗೆ ಬರವಿಲ್ಲವಾದರೂ, ದೋಸೆಗೆ ಒಪ್ಪುವ ಬಿಳಿ ಬೆಣ್ಣೆಯನ್ನು ಹಾಗೆಯೇ ಕುಕೀಸ್‌ಗೆ ಬಳಸಿದರೆ, ಅದರಲ್ಲಿ ಉಳಿದಿರುವ ಮಜ್ಜಿಗೆಯ ನೀರಿನಿಂದಾಗಿ ಅವುಗಳ ಅಂಚು ಗರಿಗರಿಯಾಗದೆ ಕೇಕಿನಂತೆ ಮೆತ್ತಗಾಗುತ್ತದೆ. ಆದ್ದರಿಂದ 150 ಗ್ರಾಂ ಬೆಣ್ಣೆಯನ್ನು ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಕಾಯಿಸಿ, ಚಟಪಟ ಸದ್ದು ಅಡಗಿ ತಳದ ಗಸಿ ಹೊಂಬಣ್ಣಕ್ಕೆ ತಿರುಗಿದೊಡನೆ ಇಳಿಸಬೇಕು. ತುಪ್ಪ ಕಾಯಿಸಿ ಬಲ್ಲವರಿಗೆ ಈ ಹದವನ್ನು ಹೇಳಿಕೊಡಬೇಕಾಗಿಲ್ಲ. ಆದರೆ ಇಲ್ಲಿ ಸೋಸುವಂತಿಲ್ಲ, ಏಕೆಂದರೆ ಪರಿಮಳವಿರುವುದು ಆ ಗಸಿಯಲ್ಲಿಯೇ.

ಹೀಗೆ ನೀರು ಆವಿಯಾಗಿ ಉಳಿದ ಸುಮಾರು 115 ಗ್ರಾಂ ಬೆಣ್ಣೆ ಆರಿದ ಮೇಲೆ 100 ಗ್ರಾಂ ಕಂದು ಸಕ್ಕರೆ, 50 ಗ್ರಾಂ ಬಿಳಿ ಸಕ್ಕರೆ ಮತ್ತು ಒಂದು ಮೊಟ್ಟೆಯನ್ನು ಸೇರಿಸಿ ಚೆನ್ನಾಗಿ ಕಲಸಬೇಕು. ಮೊಟ್ಟೆ ತಿನ್ನದವರು ಮೂರು ದೊಡ್ಡ ಚಮಚ ಹಾಲು ಬಳಸಬಹುದು. ಕಂದು ಸಕ್ಕರೆಯ ಬದಲು ಬೆಲ್ಲ ಹಾಕುವವರಿದ್ದಾರೆ. ಅದರ ರುಚಿ ಚಾಕೊಲೇಟನ್ನು ಮುಚ್ಚಿಬಿಡುತ್ತದೆಂಬುದು ನನ್ನ ಅನಿಸಿಕೆ. ಬಳಿಕ 180 ಗ್ರಾಂ ಮೈದಾ, ಅರ್ಧ ಟೀ ಚಮಚ ಅಡುಗೆ ಸೋಡಾ, ಚಿಟಿಕೆ ಉಪ್ಪು, 150 ಗ್ರಾಂ ಚಾಕೊಲೇಟ್ ಚೂರು ಸೇರಿಸಿ, ಹಿಟ್ಟು ಒಂದಾಗುವಷ್ಟು ಮಾತ್ರ ಕಲಸಬೇಕು. ಹೆಚ್ಚು ನಾದಿದರೆ ಕುಕೀಸ್ ಬಿರುಸಾಗುತ್ತವೆ.

ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಈ ಹಿಟ್ಟಿನಿಂದ ಕಟ್ಟಿದ ಉಂಡೆಗಳನ್ನು ಫ್ರಿಜ್ಜಿನಲ್ಲಿಡದೆ ನೇರವಾಗಿ ಓವನ್ನಿಗೆ ಹಾಕಿದರೆ, ಅಂಚು ಗಟ್ಟಿಯಾಗುವ ಮೊದಲೇ ಬೆಣ್ಣೆ ಕರಗಿ ಅವು ಹಪ್ಪಳದಂತೆ ಹರಡುತ್ತವೆ. ಕನಿಷ್ಠ ಎರಡು ಗಂಟೆ, ಸಾಧ್ಯವಾದರೆ ಇಡೀ ರಾತ್ರಿ ತಣ್ಣಗಿಟ್ಟು, ಮೊದಲೇ ಕಾಯಿಸಿದ ಓವನ್ನಿನಲ್ಲಿ 175 ಡಿಗ್ರಿ ಸೆಲ್ಸಿಯಸ್‌ನಲ್ಲಿ 10ರಿಂದ 12 ನಿಮಿಷ ಬೇಯಿಸಬೇಕು. ನಡುಭಾಗ ಹಸಿಯಂತೆ ಕಂಡರೂ ಅಂಚು ಕೆಂಪಗಾದೊಡನೆ ಹೊರತೆಗೆದು, ಐದು ನಿಮಿಷ ತಟ್ಟೆಯಲ್ಲಿಯೇ ಬಿಟ್ಟರೆ, ಉಳಿದ ಬೇಯುವಿಕೆ ಆ ತಟ್ಟೆಯ ಕಾವಿನಲ್ಲಿಯೇ ಮುಗಿಯುತ್ತದೆ.