ನಮ್ಮ ಕಾಸರಗೋಡಲ್ಲಿ ಯಾರು ಯಾವ ದೇವಸ್ಥಾನ, ಪಳ್ಳಿ (ಮಸೀದಿ), ಇಗರ್ಜಿಗೆ (ಚರ್ಚಿಗೆ) ಸೇರಿದವರು ಅಂತ ಲೆಕ್ಕ ಮಾಡುವುದು ಹೇಗೆ

ಬ್ರಹ್ಮಕಲಶದ ಸ್ಮರಣ ಸಂಚಿಕೆಗೆ, ಕಾಲೇಜಿನ ಪ್ರಾಜೆಕ್ಟಿಗೆ, ಇಲ್ಲಾಂದ್ರೆ ಊರಿನ ಚರಿತ್ರೆ ಬರೀಲಿಕ್ಕೆ ಅಂತ ಹೊರಟವರು ಮೊದಲು ಎಡವುದೇ ಇಲ್ಲಿ. "ನಮ್ಮೂರಲ್ಲಿ ಎಷ್ಟು ಜನ ಯಾವ ಧರ್ಮ" ಅನ್ನೋದು ಒಂದು ಪ್ರಶ್ನೆ, "ಯಾರು ಯಾವುದಕ್ಕೆ ಸೇರಿದವರು" ಅನ್ನೋದು ಬೇರೆಯೇ ಪ್ರಶ್ನೆ. ಮೊದಲನೇದಕ್ಕೆ ಉತ್ತರ ಸೆನ್ಸಸ್ಸಲ್ಲಿ ಸಿಗ್ತದೆ, ಎರಡನೇದಕ್ಕೆ ಸೆನ್ಸಸ್ಸಲ್ಲಿ ಉತ್ತರವೇ ಇಲ್ಲ, ಯಾಕಂದ್ರೆ ಅವರು ಅದನ್ನ ಕೇಳಿಯೇ ಇಲ್ಲ. ಈ ಎರಡನ್ನ ಕಲಸಿ ಅಚ್ಚು ಹಾಕಿದ ಸಂಚಿಕೆಗಳನ್ನ ಓದಿ ನನಗೆ ನಿಜವಾಗ್ಲೂ ಬೇಜಾರಾಗಿದೆ, ಹಾಗಾಗಿ ಇಷ್ಟು ಬರೀತಿದ್ದೇನೆ.

ಸೆನ್ಸಸ್ಸಿಂದ ಶುರು ಮಾಡಿ. ಸೆನ್ಸಸ್ ಇಂಡಿಯಾ ಸೈಟಿಗೆ ಹೋಗಿ 2011ರ ಸಿ-1 ಅನ್ನೋ ಟೇಬಲ್ ಹುಡುಕಿ, ಕೇರಳದ ಕೋಡ್ 32, ನಮ್ಮ ಜಿಲ್ಲೆಯದ್ದು 588. ಎಕ್ಸೆಲ್ ಫೈಲ್ ಇಳಿಸಿಕೊಂಡ್ರೆ ಜಿಲ್ಲೆ, ತಾಲೂಕು, ಪೇಟೆ ಅಂತ ಬೇರೆ ಬೇರೆ ಸಾಲು ಉಂಟು, ಗ್ರಾಮಾಂತರ ನಗರ ಅಂತಲೂ ಬೇರೆ ಮಾಡಿದ್ದಾರೆ. ಜಿಲ್ಲೆಯ ಒಟ್ಟು ಜನ 13,07,375, ಅದ್ರಲ್ಲಿ ಹಿಂದೂಗಳು ನೂರಕ್ಕೆ ಸುಮಾರು 56, ಮುಸ್ಲಿಮರು 37, ಕ್ರಿಶ್ಚಿಯನ್ನರು 7ರ ಹತ್ತಿರ. ಆದ್ರೆ ಈ ಪರ್ಸೆಂಟನ್ನ ತಕ್ಕೊಂಡು ಹೋಗಿ ಕಾಸರಗೋಡು ಪೇಟೆಗೆ ಹಾಕಬೇಡಿ ದಯವಿಟ್ಟು. ಕ್ರಿಶ್ಚಿಯನ್ನರಲ್ಲಿ ದೊಡ್ಡ ಪಾಲು ಇರೋದು ತಿರುವಾಂಕೂರು ಕಡೆಯಿಂದ ಬಂದು ಕೃಷಿ ಮಾಡಿದವರ ಪೂರ್ವದ ಮಲೆ ಭಾಗದಲ್ಲಿ, ಪೇಟೆಯ ಚಿತ್ರ ಬೇರೆ. ಮುನಿಸಿಪಾಲಿಟಿಯ 54,172 ಜನರಿಗೆ ಆ ಫೈಲಲ್ಲಿ ಬೇರೆ ಸಾಲೇ ಉಂಟು, ಅದನ್ನೇ ನೋಡಿ.

ಇನ್ನೊಂದು, ಮಂಜೇಶ್ವರ ತಾಲೂಕು ಅಂತ ಹುಡುಕಿದ್ರೆ ಆ ಫೈಲಲ್ಲಿ ಸಿಗೋದಿಲ್ಲ. 2011ರಲ್ಲಿ ಇದ್ದದ್ದು ಕಾಸರಗೋಡು, ಹೊಸದುರ್ಗ ಎರಡೇ ತಾಲೂಕು, ಮಂಜೇಶ್ವರ ಮತ್ತೆ ವೆಳ್ಳರಿಕುಂಡು ಆದದ್ದು 2014ರಲ್ಲಿ. ಮುಂದಿನ ಸೆನ್ಸಸ್ 2027ರ ಮಾರ್ಚ್ 1ರ ಲೆಕ್ಕಕ್ಕೆ ಅಂತ ಗೆಜೆಟಲ್ಲಿ ಬಂದಿದೆ, ಅದರ ಟೇಬಲ್ ಕೈಗೆ ಸಿಗುವವರೆಗೆ 2011ರದ್ದೇ ಗತಿ, ಹಾಗಾಗಿ ಅಂಕಿಯ ಪಕ್ಕ ಇಸವಿ ಬರೀಲಿಕ್ಕೆ ಮರೀಬೇಡಿ.

ಈಗ ಸೇರಿದವರ ಲೆಕ್ಕ. ಇದಕ್ಕೆ ಕಾಲ್ನಡಿಗೆಯೇ ದಾರಿ.

ಇಗರ್ಜಿಯಲ್ಲಿ ಇದು ಸುಲಭ, ಯಾಕಂದ್ರೆ ಅಲ್ಲಿ ಪುಸ್ತಕ ಉಂಟು. ಕುಟುಂಬದ ಲೆಕ್ಕ ಪಾದ್ರಿಯವರ ಆಫೀಸಲ್ಲಿ, ವಾಡೆ ವಾಡೆಯ (ಇಗರ್ಜಿಯ ಕೆಳಗಿನ ಒಂದೊಂದು ಕೇರಿಯ) ಲೆಕ್ಕ ಅಲ್ಲಿಯ ಮುಖ್ಯಸ್ಥರಾದ ಗುರ್ಕಾರರ ಹತ್ತಿರ. ಆದ್ರೆ ಯಾವ ಬಿಷಪ್ಪರ ಕೆಳಗೆ ಅಂತ ಮೊದಲೇ ತಿಳ್ಕೊಳ್ಬೇಕು. ಬೇಳ, ಕಯ್ಯಾರ್, ವರ್ಕಾಡಿ, ಮಂಜೇಶ್ವರದ ಕೊಂಕಣಿ ಮಾತಾಡುವ ಕಥೋಲಿಕರು ರಾಜ್ಯ ಬೇರೆಯಾದ್ರೂ ಇವತ್ತಿಗೂ ಮಂಗಳೂರು ಧರ್ಮಪ್ರಾಂತ್ಯ. ತೆಂಕು ಕಡೆಯ ಲ್ಯಾಟಿನ್ ಕಥೋಲಿಕರು ಕಣ್ಣೂರು, ಮಲೆಯ ಸಿರೋ ಮಲಬಾರಿನವರು (ಕೇರಳದ್ದೇ ಪೂಜಾಕ್ರಮದ ಕಥೋಲಿಕರು) ತಲಶ್ಶೇರಿ, 1943ರಲ್ಲಿ ರಾಜಪುರಕ್ಕೆ ಬಂದು ನೆಲೆಸಿದ ಕ್ನಾನಾಯದವರು (ಅದೇ ಸಭೆಯೊಳಗಿನ ಬೇರೆ ಸಮುದಾಯ) ಮತ್ತೆ ಕೋಟ್ಟಯಂ. ಒಂದೇ ಜಿಲ್ಲೆ, ನಾಲ್ಕು ಕಡೆ ಪುಸ್ತಕ. ಮಂಗಳೂರಿನ ಲೆಕ್ಕ ಒಂದನ್ನೇ ನೋಡಿ "ಜಿಲ್ಲೆಯ ಕಥೋಲಿಕರು ಇಷ್ಟೇ" ಅಂತ ಬರೆದ್ರೆ ಮಲೆಯವರೆಲ್ಲ ಬಿಟ್ಟುಹೋಗ್ತಾರೆ.

ಪಳ್ಳಿಯಲ್ಲಿ ಕೇಳಬೇಕಾದ ಶಬ್ದ ಮಹಲ್ಲ್, ಅಥವಾ ಜಮಾಅತ್. ಮಹಲ್ಲ್ ಅಂದ್ರೆ ಒಂದು ಜುಮಾ ಮಸೀದಿಗೆ ಸೇರಿದ ಮನೆಗಳು, ಮನೆ ಲೆಕ್ಕದಲ್ಲೇ ವರಿಸಂಖ್ಯೆ (ಚಂದಾ) ಕೊಡೋದು, ಮದುವೆ ಆಗ್ಬೇಕಾದ್ರೆ ಅಲ್ಲಿಯ ಪತ್ರ, ತೀರಿಕೊಂಡ್ರೆ ದಫನ್ ಅಲ್ಲಿಯದ್ದೇ ಜಾಗದಲ್ಲಿ. ಹಾಗಾಗಿ ಮನೆ ಸಂಖ್ಯೆ ಗಟ್ಟಿಯಾಗಿ ಸಿಗ್ತದೆ, ಸೆಕ್ರೆಟ್ರಿಯವರನ್ನ ಕಾಣಿ. ರಿಜಿಸ್ಟರ್ ಹೆಚ್ಚಾಗಿ ಮಲಯಾಳದಲ್ಲಿರ್ತದೆ, ಓದಲಿಕ್ಕೆ ಬರದಿದ್ರೆ ಬರುವವರನ್ನ ಜೊತೆಗೆ ಕರ್ಕೊಂಡು ಹೋಗಿ. ಮಸೀದಿ ಎಷ್ಟು ಅಂತ ಎಣಿಸಿ ಅದೇ ಮಹಲ್ಲ್ ಸಂಖ್ಯೆ ಅಂತ ಬರೀಬೇಡಿ, ಒಂದು ಮಹಲ್ಲಿನೊಳಗೆ ಸಣ್ಣ ನಮಾಜ್ ಪಳ್ಳಿಗಳು ಬೇರೆ ಇರ್ತವೆ. ತಳಂಗರೆ ಮಾಲಿಕ್ ದೀನಾರ್ ಪಳ್ಳಿಗೆ ದೂರದೂರದಿಂದ ಜನ ಬರ್ತಾರೆ, ಬಂದವರೆಲ್ಲ ಅಲ್ಲಿಯ ಜಮಾಅತಿನವರಲ್ಲ.

ಇಗರ್ಜಿಗೂ ಪಳ್ಳಿಗೂ ಒಂದು ಮಾತು ಸಾಮಾನ್ಯ: ಗಲ್ಫಲ್ಲಿರುವ ಮಗ ಪುಸ್ತಕದಲ್ಲಿ ಇರ್ತಾನೆ, ಆದ್ರೆ ಸೆನ್ಸಸ್ಸಿನವರು ಎಣಿಸೋದು ಊರಲ್ಲಿ ವಾಸ ಇದ್ದವರನ್ನ. ಅದೇ ಬಿಹಾರ, ಬಂಗಾಳದಿಂದ ಕೆಲಸಕ್ಕೆ ಬಂದು ಇಲ್ಲೇ ಇರುವವರು ಶುಕ್ರವಾರ ನಮಾಜಿಗೆ ಬರ್ತಾರೆ, ಸೆನ್ಸಸ್ಸಲ್ಲಿ ಬಂದಾರು, ಮಹಲ್ಲ್ ಪುಸ್ತಕದಲ್ಲಿ ಇಲ್ಲ. ಎರಡು ಅಂಕಿ ತಾಳೆ ಆಗ್ಲಿಲ್ಲ ಅಂತ ಯಾರೋ ಸುಳ್ಳು ಹೇಳಿದ್ದಾರೆ ಅಂದ್ಕೊಳ್ಬೇಡಿ.

ನಿಜವಾದ ಕಷ್ಟ ಇರೋದು ದೇವಸ್ಥಾನದ ಕಡೆ. ಮಧೂರಿಗೆ ಎಷ್ಟು ಜನ ಮೆಂಬರು ಅಂತ ಕೇಳಿದ್ರೆ ಆ ಪ್ರಶ್ನೆಗೆ ಅರ್ಥವೇ ಇಲ್ಲ, ಕುಂಬ್ಳೆ ಸೀಮೆಯ ದೇವಸ್ಥಾನ ಅದು, ಸೀಮೆಯವರಿಗೆಲ್ಲ ಸೇರಿದ್ದು. ಮಲಬಾರ್ ದೇವಸ್ವಂ ಬೋರ್ಡಲ್ಲಿ ವಿಚಾರಿಸಿದ್ರೆ ದೇವಸ್ಥಾನದ ಲೆಕ್ಕ ಸಿಕ್ಕೀತು, ಭಕ್ತರ ಲೆಕ್ಕ ಅಲ್ಲ. ಸೇರಿದವರು ಅನ್ನೋದು ಬೇರೆ ಕಡೆ ಉಂಟು. ಹವ್ಯಕರಾದ್ರೆ ರಾಮಚಂದ್ರಾಪುರ ಮಠದ ಮಂಡಲ, ವಲಯ, ಘಟಕ ಅಂತ ವ್ಯವಸ್ಥೆ, ಮನೆಗಳ ಲೆಕ್ಕ ಗುರಿಕ್ಕಾರರಿಗೆ ಗೊತ್ತಿರ್ತದೆ. (ಇಗರ್ಜಿಯ ಗುರ್ಕಾರ, ಇವರ ಗುರಿಕ್ಕಾರ, ಶಬ್ದ ಒಂದೇ ನೋಡಿ, ನನಗೆ ಇದು ತುಂಬ ಇಷ್ಟದ ವಿಷಯ.) ಜಿ.ಎಸ್.ಬಿ.ಯವರಾದ್ರೆ (ಗೌಡ ಸಾರಸ್ವತ ಬ್ರಾಹ್ಮಣರು) ಮಂಜೇಶ್ವರ ಅನಂತೇಶ್ವರ, ಕುಂಬ್ಳೆ ವೀರವಿಠಲ ಹೀಗೆ ಅವರವರ ದೇವಸ್ಥಾನದ ಕಡೆಯವರು. ಭಜನಾಮಂದಿರಗಳಿಗೆ ಆಯಾ ಜಾಗದ ಮನೆಗಳು.

ತೀಯರದ್ದು, ಬಂಟರದ್ದು ಇನ್ನೂ ಸೂಕ್ಷ್ಮ. ತೀಯರಲ್ಲಿ ಪಾಲಕುನ್ನಿನಂಥ ಕಳಗಗಳು (ಒಂದು ದೊಡ್ಡ ಕ್ಷೇತ್ರಕ್ಕೆ ಸೇರಿದ ಕೂಟ), ಅದರ ಕೆಳಗೆ ತರವಾಡುಗಳು (ಮೂಲ ಮನೆತನಗಳು). ತರವಾಡು ತಾಯಿ ಕಡೆಯಿಂದ ಬರೋದು, ಅಂದ್ರೆ ಒಂದೇ ಮನೆಯಲ್ಲಿ ಗಂಡ ಒಂದು ತರವಾಡು, ಹೆಂಡತಿ ಮಕ್ಕಳು ಇನ್ನೊಂದು. ಬಂಟರಲ್ಲೂ ಬಳಿ (ಗೋತ್ರದಂಥ ವಂಶದ ಗುರುತು) ತಾಯಿಯದ್ದೇ. ಕಾನೂನಲ್ಲಿ ಅವಿಭಕ್ತ ಕುಟುಂಬ ಪದ್ಧತಿಯನ್ನ ಕೇರಳ 1975ರ ಕಾಯ್ದೆಯಲ್ಲೇ ತೆಗೆದುಹಾಕಿತು, ಆದ್ರೆ ತೆಯ್ಯಂ ಕಟ್ಟುವಾಗ, ದೈವಕ್ಕೆ ತಂಬಿಲ (ವಾಡಿಕೆಯ ಸೇವೆ) ಕೊಡುವಾಗ ಯಾರು ಎಲ್ಲಿಗೆ ಹೋಗ್ಬೇಕು ಅನ್ನೋದು ಹಾಗೇ ಉಳಿದಿದೆ. ಹಾಗಾಗಿ ಇಲ್ಲಿ ಮನೆ ಲೆಕ್ಕ ನಡೆಯೋದಿಲ್ಲ, ತಲೆ ಲೆಕ್ಕವೇ ಆಗ್ಬೇಕು.

ನಾನು ಒಂದು ಸಂಚಿಕೆಗೆ ಕೆಲಸ ಮಾಡಿದಾಗ ದೇವಸ್ಥಾನ, ತರವಾಡು, ಭಜನಾಮಂದಿರ ಮೂರು ಕಡೆಯ ಪಟ್ಟಿಯನ್ನ ಕೂಡಿಸಿದ್ದು, ಬಂದ ಮೊತ್ತ ವಾರ್ಡಿನ ಒಟ್ಟು ಜನಸಂಖ್ಯೆಗಿಂತ ಜಾಸ್ತಿ. ತಪ್ಪು ಎಲ್ಲಿ ಅಂತ ನೋಡಿದ್ರೆ ಒಂದೇ ಹೆಂಗಸು ಮೂರೂ ಪಟ್ಟಿಯಲ್ಲಿ ಇದ್ರು, ಬೊಂಬಾಯಿಯಲ್ಲಿರುವವರು ಜಾತ್ರೆಗೆ ರಶೀದಿ ಮಾಡಿದ್ದೂ ಸೇರಿಹೋಗಿತ್ತು. ಆ ಹೆಂಗಸು ಮೂರೂ ಕಡೆಗೆ ಸೇರಿದವರು ಹೌದು, ತಪ್ಪು ಕೂಡಿಸಿದ್ದು. ಆಮೇಲೆ ಪ್ರತಿ ಪಟ್ಟಿಯನ್ನೂ ಬೇರೆ ಬೇರೆ ಇಟ್ಟೆವು, ಕೆಳಗೆ ಒಟ್ಟು ಅಂತ ಹಾಕಲೇ ಇಲ್ಲ. ನೀವೂ ಹಾಗೇ ಮಾಡಿ. ಪ್ರತಿ ಅಂಕಿಯ ಎದುರು ಮನೆಯೋ ತಲೆಯೋ, ಪರವೂರಲ್ಲಿರುವವರು ಸೇರಿದ್ದಾರೋ ಇಲ್ವೋ, ಕೊಟ್ಟವರು ಸೆಕ್ರೆಟ್ರಿಯೋ ಗುರಿಕ್ಕಾರರೋ, ಯಾವ ತಿಂಗಳು, ಇಷ್ಟು ಬರೀರಿ. ಜೈನರನ್ನ ಮರೀಬೇಡಿ, ಬಂಗ್ರಮಂಜೇಶ್ವರದಲ್ಲಿ ಬಸದಿ ಉಂಟು, ಸೆನ್ಸಸ್ಸಲ್ಲೂ ಅವರಿಗೆ ಬೇರೆ ಕಾಲಂ.

ಹೋಗುವ ಹೊತ್ತು ನೋಡ್ಕೊಳ್ಳಿ. ಜಾತ್ರೆ, ರಂಜಾನ್, ಮೊಂತಿ ಫೆಸ್ತ್ ಹತ್ತಿರದಲ್ಲಿ ಬೇಡ, ಆಗ ಯಾರಿಗೂ ಪುರುಸೊತ್ತಿಲ್ಲ. ಮೊದಲ ಸಲ ಪುಸ್ತಕ ಕೇಳಬೇಡಿ, ಯಾಕೆ ಬೇಕು ಅಂತ ಹೇಳಿ ಬನ್ನಿ, ಎರಡನೇ ಸಲ ಅವರೇ ತೆಗೆದು ತೋರಿಸ್ತಾರೆ.

ಮತ್ತೆ ಹೆಸರು ಬರ್ಕೊಳ್ಬೇಡಿ. ಇದನ್ನ ನಾನು ಕೈ ಮುಗಿದು ಕೇಳ್ತೇನೆ. ಯಾವ ಮನೆ ಯಾವ ಧರ್ಮ ಅನ್ನುವ ಪಟ್ಟಿ ಫೋನಲ್ಲಿ ಇದ್ರೆ ಅದು ಎಲ್ಲಿಂದ ಎಲ್ಲಿಗೆ ಫಾರ್ವರ್ಡ್ ಆಗ್ತದೆ ಅಂತ ಹೇಳ್ಲಿಕ್ಕೆ ಬರೋದಿಲ್ಲ, ನಮ್ಮ ಊರು ಈ ವಿಷಯದಲ್ಲಿ ಸಾಕಷ್ಟು ನೋವು ತಿಂದಿದೆ. ರಿಜಿಸ್ಟರಿನ ಫೋಟೋ ತೆಗೀಬೇಡಿ, ಅಲ್ಲೇ ಕೂತು ಸಂಖ್ಯೆ ಮಾತ್ರ ಕಾಗದಕ್ಕೆ ಇಳಿಸಿ. ಒಂದು ಜಾಗದಲ್ಲಿ ಒಂದು ಧರ್ಮದ ಎರಡೋ ಮೂರೋ ಮನೆ ಮಾತ್ರ ಇದ್ರೆ ಆ ಅಂಕಿಯನ್ನ ಪಕ್ಕದ ವಾರ್ಡಿಗೆ ಸೇರಿಸಿ ಕೊಡಿ, ಇಲ್ಲಾಂದ್ರೆ ಓದಿದವರಿಗೆ ಮನೆ ಯಾವುದು ಅಂತ ಗೊತ್ತಾಗ್ತದೆ. ಅಚ್ಚಿಗೆ ಕೊಡುವ ಮೊದಲು ಅವರವರ ಪುಟವನ್ನ ಅವರವರಿಗೆ ತೋರಿಸಿ ಬನ್ನಿ, ಪಾದ್ರಿಯವರಿಗೂ, ಜಮಾಅತ್ ಸೆಕ್ರೆಟ್ರಿಗೂ, ಗುರಿಕ್ಕಾರರಿಗೂ, ಅವರು ಬೇಡ ಅಂದ ಸಾಲನ್ನ ತೆಗೀರಿ.