ಟೆಕ್ಸಾಸಿನಲ್ಲಿ ಸಿಕ್ಕ ಇಶಾಪುರದ ಕೋವಿ

ನಮ್ಮೂರು ಚಿಕ್ಕಮಗಳೂರು ಕಡೆ. ಅಜ್ಜನ ಹತ್ತಿರ ಒಂದು ಜೋಡು ನಳಿಗೆ ಕೋವಿ ಇತ್ತು, ಬೆಳೆ ಕಾಯೋಕೆ ಅಂತ ಲೈಸೆನ್ಸ್ ಮಾಡಿಸಿದ್ದು. ಎಲೆಕ್ಷನ್ ಬಂದರೆ ಅದನ್ನು ಠಾಣೆಗೆ ಒಪ್ಪಿಸಿ ಬರಬೇಕು. ಅಜ್ಜನ ಜೊತೆ ನಾನೂ ಹೋಗುತ್ತಿದ್ದೆ. ಬಾಗಿಲಲ್ಲಿ ನಿಂತ ಪೇದೆಯ ಹೆಗಲಲ್ಲಿ ತ್ರೀ ನಾಟ್ ತ್ರೀ (.303) ರೈಫಲ್. ನನ್ನ ಕಣ್ಣೆಲ್ಲ ಅದರ ಮೇಲೆ. ಆದರೆ ಆ ಬೋರಿನ (ನಳಿಗೆಯ ಒಳ ಅಳತೆಯ) ರೈಫಲ್ಲಿಗೆ ನಮ್ಮಲ್ಲಿ ಸಾಮಾನ್ಯ ಜನಕ್ಕೆ ಲೈಸೆನ್ಸ್ ಸಿಗೋದಿಲ್ಲ. ಅಲ್ಲಿಗೆ ಆ ಆಸೆ ಮುಗಿದಿತ್ತು.

ಟೆಕ್ಸಾಸಿಗೆ ಬಂದ ಮೇಲೆ ಅದು ಮತ್ತೆ ಚಿಗುರಿತು. ಎಚ್-1ಬಿ ವೀಸಾದಲ್ಲಿ ಇದ್ದಷ್ಟು ದಿನ ಇದಕ್ಕೆ ಕೈ ಹಾಕಲಿಲ್ಲ. ಆ ವೀಸಾದವರು ಸಾಮಾನ್ಯವಾಗಿ ಕೋವಿ ಕೊಳ್ಳುವಂತಿಲ್ಲ; ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ, ಆದರೆ ಆ ಉಸಾಬರಿ ನನಗೆ ಬೇಡವಾಗಿತ್ತು. ಗ್ರೀನ್ ಕಾರ್ಡ್ ಕೈಗೆ ಬಂದ ಮೇಲೆ 500 ಡಾಲರ್ ಎತ್ತಿಟ್ಟು, ಹಳೇ ಮಿಲಿಟರಿ ರೈಫಲ್ ಹುಡುಕಲು ಶುರು ಮಾಡಿದೆ.

ಮೊದಲು ಕಣ್ಣಿಗೆ ಬಿದ್ದದ್ದು ರಷ್ಯಾದ ಮೊಸಿನ್ ನಗಾಂಟ್. 2010ರ ಸುಮಾರಿಗೆ ಇದು 100 ಡಾಲರಿಗೆ ಸಿಗುತ್ತಿತ್ತಂತೆ, ಎಲ್ಲರೂ ಅದೇ ಕಥೆ ಹೇಳುತ್ತಾರೆ. ಆ ಕಾಲ ಹೋಯ್ತು. ನನ್ನ ಸ್ನೇಹಿತನೊಬ್ಬನ ಹತ್ತಿರ ಆಗಲೇ ಕೊಂಡಿದ್ದು ಒಂದಿತ್ತು, ಹೊಡೆದು ನೋಡು ಅಂದ. ಹತ್ತು ಈಡು ಹೊಡೆಯುವಷ್ಟರಲ್ಲಿ ತೋಟೆ ತುಂಬಲು ಕೈಯಲ್ಲಿ ಎತ್ತಿ ಎಳೆಯುವ ಬೋಲ್ಟು ಕಚ್ಚಿಕೊಂಡಿತು. ಅಂಗೈಯಲ್ಲಿ ಗುದ್ದಿದರೂ ಏಳಲಿಲ್ಲ, ಕೊನೆಗೆ ಮರದ ಸುತ್ತಿಗೆಯಲ್ಲಿ ತಟ್ಟಿ ಎಬ್ಬಿಸಿದೆವು. ದಶಕಗಟ್ಟಲೆ ಗೋದಾಮಿನಲ್ಲಿಡಲು ಬಳಿದ ಕಾಸ್ಮೊಲೀನ್ ಅನ್ನೋ ಗ್ರೀಸು ಒಳಗೆ ಉಳಿದು ಗಟ್ಟಿಯಾಗಿತ್ತು.

ಅದಕ್ಕಿಂತ ದೊಡ್ಡ ಪಾಠ ಮಾರನೇ ದಿನ ಸಿಕ್ಕಿತು. ಹೊಡೆದದ್ದು ಹಳೇ ಮಿಲಿಟರಿ ತೋಟೆ. ಅದರ ಬುಡದ ಕೇಪಿನ ಮದ್ದು ಉರಿದ ಮೇಲೆ ನಳಿಗೆಯೊಳಗೆ ಉಪ್ಪು ಉಳಿಯುತ್ತದೆ. ಕೋವಿ ಒರೆಸಿಡ್ತೀನಿ ಅಂತ ನಾನೇ ಮನೆಗೆ ತಂದಿದ್ದೆ. ಎಣ್ಣೆ ಬಟ್ಟೆ ಎಳೆದು, ಆಯ್ತು ಅಂದುಕೊಂಡೆ. ಎಣ್ಣೆಗೆ ಉಪ್ಪು ಕರಗುತ್ತದಾ? ಬಿಸಿನೀರು ಬೇಕು. ಸಂಜೆ ಬಿಳಿ ಬಟ್ಟೆ ಎಳೆದರೆ ಕೆಂಪಗೆ ತುಕ್ಕು ಬಂತು. ಸ್ನೇಹಿತ ಏನೂ ಅನ್ನಲಿಲ್ಲ, ನಾಚಿಕೆ ಮಾತ್ರ ನನಗೆ ಇನ್ನೂ ಹೋಗಿಲ್ಲ.

ಅಲ್ಲಿಂದ ಮುಂದೆ ರೈಫಲ್ ಬಿಟ್ಟು ತೋಟೆಯಿಂದ ಲೆಕ್ಕ ಶುರು ಮಾಡಿದೆ. ಕೋವಿ ಒಂದು ಸಲದ ಖರ್ಚು, ತೋಟೆ ಪ್ರತಿ ಶನಿವಾರದ ಖರ್ಚು. ಸ್ವಿಸ್ ಕೆ31 ಗಡಿಯಾರದಂಥ ಕೆಲಸ, ಆದರೆ ಅದರ 7.5 ಎಂಎಂ ತೋಟೆ ಎಲ್ಲ ಅಂಗಡಿಯಲ್ಲಿ ಇರೋದಿಲ್ಲ. ಯುಗೊಸ್ಲಾವಿಯಾದ ಎಂ48 ಮೌಸರ್ ಗಟ್ಟಿ ಆಳು. ಅದರ 8 ಎಂಎಂ ತೋಟೆಯ ಬೆಲೆ ಕೇಳಿ ವಾಪಸ್ ಇಟ್ಟೆ. ಬ್ರಿಟಿಷ್ .303 ತೋಟೆಯೂ ಅಷ್ಟೇ. ಹಾಗಾದರೆ ಸುಲಭವಾಗಿ ಸಿಗುವ 7.62 ನೇಟೋ ತೋಟೆ ತಿನ್ನುವ ಹಳೇ ಬೋಲ್ಟ್ ಆಕ್ಷನ್ ರೈಫಲ್ ಯಾವುದು? ಹುಡುಕಿದರೆ ಉತ್ತರ ನಮ್ಮ ದೇಶದ್ದೇ. 1962ರ ಚೀನಾ ಯುದ್ಧದ ನಂತರ ಬಂಗಾಳದ ಇಶಾಪುರ ಕಾರ್ಖಾನೆಯಲ್ಲಿ ಹಳೇ ಲೀ ಎನ್‌ಫೀಲ್ಡನ್ನೇ, ಅಂದರೆ ಆ ತ್ರೀ ನಾಟ್ ತ್ರೀಯನ್ನೇ, ಇನ್ನೂ ಗಟ್ಟಿ ಉಕ್ಕಿನಲ್ಲಿ, 7.62ಕ್ಕೆ ಹೊಂದುವಂತೆ ಮಾಡಿದರು. ಅದರ ಹೆಸರು 2ಎ1. ಠಾಣೆ ಬಾಗಿಲಲ್ಲಿ ಕಂಡಿದ್ದರ ಖಾಸಾ ತಮ್ಮ!

ಗನ್ ಶೋ ಒಂದರಲ್ಲಿ ಮೂರು ಸಿಕ್ಕವು. ಗುರುತು ಹಿಡಿಯೋದು ಸುಲಭ: ಚೌಕಾಕಾರದ 12 ತೋಟೆಯ ಮ್ಯಾಗಜೀನು, ಗುರಿ ನೋಡುವ, 800 ಮೀಟರಿಗೆ ನಿಲ್ಲುವ ಹಿಂದಿನ ಸೈಟು. ಬೋಲ್ಟಿಗೆ ಬಿಗಿದಿದ್ದ ಪ್ಲಾಸ್ಟಿಕ್ ಪಟ್ಟಿ ಕತ್ತರಿಸಿಕೊಡಿ ಅಂತ ಮಾರುವವರನ್ನು ಕೇಳಿದೆ. ಬೋಲ್ಟು ತೆಗೆದು, ಹಿಂದಿನಿಂದ ಸಣ್ಣ ಟಾರ್ಚು ಬಿಟ್ಟು ನಳಿಗೆ ನೋಡಿದೆ. ಮೊದಲನೆಯದರಲ್ಲಿ ಗುಂಡನ್ನು ತಿರುಗಿಸುವ ಗೆರೆಗಳು ಕಪ್ಪು, ಗುಳಿ ಗುಳಿ. ಎರಡನೆಯದು ಒಳಗೆ ಕನ್ನಡಿ. ಖುಷಿಯಾಯ್ತು, ಆದರೂ ಜೇಬಿನಿಂದ ಮದ್ದು, ಕೇಪು ಇಲ್ಲದ ಡಮ್ಮಿ ತೋಟೆ ತೆಗೆದು ಗುಂಡಿನ ತುದಿಯನ್ನು ನಳಿಗೆಯ ಬಾಯಿಗೆ ಇಳಿಸಿದೆ. ಬಾಯಿ ಸವೆಯದಿದ್ದರೆ ಗುಂಡು ಸ್ವಲ್ಪ ಹೊರಗೇ ನಿಲ್ಲಬೇಕು. ಇದರಲ್ಲಿ ತೋಟೆಯ ಹಿತ್ತಾಳೆಯವರೆಗೂ ಸಲೀಸಾಗಿ ಇಳಿಯಿತು. ಹಿಂದಿನ ಯಾರೋ ಪುಣ್ಯಾತ್ಮ ಸರಳನ್ನು ಬಾಯಿಗೆ ಉಜ್ಜಿ ಉಜ್ಜಿ ಸ್ವಚ್ಛ ಮಾಡಿದ್ದಿರಬೇಕು. ಅದನ್ನೂ ಬಿಟ್ಟೆ.

ಮೂರನೆಯದು ನೋಡೋಕೆ ಏನೂ ಚೆಂದವಿಲ್ಲ. ಮರಕ್ಕೆ ಕಪ್ಪು ಕಲೆ, ಹಿಡಿಯ ಹತ್ತಿರ ಒಂದು ಹಳೇ ತೇಪೆ. ನಳಿಗೆ ಬೂದುಬಣ್ಣ, ಆದರೆ ಗೆರೆಗಳ ಅಂಚು ಚೂಪು. ಡಮ್ಮಿ ಅರ್ಧದಲ್ಲೇ ನಿಂತಿತು. ಬೋಲ್ಟಿನ ಹಿಡಿಯ ಹಿಂದೆ ಇದ್ದ ನಂಬರ್, ಮೈಮೇಲಿನ ನಂಬರ್ ಎರಡೂ ಒಂದೇ, ಅಂದರೆ ಬೋಲ್ಟು ಬೇರೆ ಕೋವಿಯದ್ದಲ್ಲ. ಡಿಪಿ ಮುದ್ರೆ ಎಲ್ಲೂ ಇರಲಿಲ್ಲ. ಅದಿದ್ದರೆ ಡ್ರಿಲ್‌ಗೆ ಮಾತ್ರ, ಗುಂಡು ಹೊಡೆಯೋಕಲ್ಲ. ಆಮದು ಮಾಡಿದವರ ಹೆಸರು ಕೊರೆದಿತ್ತು. ಸಂಗ್ರಹ ಮಾಡುವವರಿಗೆ ಇದು ಕಿರಿಕಿರಿ, ನನಗಲ್ಲ. ಬದಿಯಲ್ಲಿ ಆರ್‌ಎಫ್‌ಐ (ರೈಫಲ್ ಫ್ಯಾಕ್ಟರಿ ಇಶಾಪುರ), ಕೆಳಗೆ 1966. ಬೆರಳಲ್ಲಿ ಸವರಿ ಸುಮ್ನೆ ನಿಂತುಬಿಟ್ಟೆ. ಆಗಲೇ ಚೌಕಾಸಿಯ ಬಲ ಅರ್ಧ ಹೋಯ್ತು ಅನ್ನಿ.

480 ಹೇಳಿದರು, 440ಕ್ಕೆ ಮುಗಿಯಿತು. ಕೋವಿ ಕೊಳ್ಳುವವರು ತುಂಬುವ 4473 ಫಾರಂ ತುಂಬಿ, ಗ್ರೀನ್ ಕಾರ್ಡ್ ತೋರಿಸಿ, ಹಿನ್ನೆಲೆ ಪರೀಕ್ಷೆಗೆ ಹತ್ತು ನಿಮಿಷ ಕಾದೆ. ಹಳೇ ಕೋವಿ ಸಂಗ್ರಹ ಮಾಡುವವರಿಗೆ ಮೂರು ವರ್ಷಕ್ಕೆ 30 ಡಾಲರಿನ ಬೇರೆ ಲೈಸೆನ್ಸ್ ಇದೆ, ಕೋವಿ ಮನೆಗೇ ಬರುತ್ತದೆ. ಒಂದೇ ಕೊಳ್ಳುವ ನನಗೆ ಅದು ಬೇಡ ಅನಿಸಿತು.

ಗುಂಡು ಹೊಡೆಯುವ ಮೊದಲು ಕೋವಿ ರಿಪೇರಿಯವರ ಹತ್ತಿರ ಒಯ್ದೆ. ತೋಟೆ ಕೂತಾಗ ಬೋಲ್ಟಿಗೂ ಅದಕ್ಕೂ ಎಷ್ಟು ಸಂದು ಉಳಿಯುತ್ತದೆ ಅನ್ನೋದನ್ನು ಗೇಜು ಹಾಕಿ ನೋಡಿದರು. ಸಂದು ಜಾಸ್ತಿಯಾದರೆ ತೋಟೆ ಒಡೆದು ಬಿಸಿ ಗಾಳಿ ಮುಖಕ್ಕೇ ಬರಬಹುದು, ಇದರಲ್ಲಿ ಜಿಪುಣತನ ಬೇಡ. ಪಾಸಾಯ್ತು. ಅಂಗಡಿಯ .308 ಬೇಟೆ ತೋಟೆಗಳನ್ನು ಮಾತ್ರ ನಾನು ಇದಕ್ಕೆ ಹಾಕುವುದಿಲ್ಲ, ಕೆಲವುದರ ಒತ್ತಡ ಜಾಸ್ತಿ. 7.62 ನೇಟೋ ಅಂತ ಬರೆದಿದ್ದೇ ಬೇಕು.

ಊರಿಗೆ ಫೋನ್ ಮಾಡಿ ಹೇಳಿದರೆ ಅಮ್ಮ ಕೇಳಿದ್ದು ಒಂದೇ: "ಅಲ್ಲೂ ಹಂದಿ ಕಾಟ ಇದೆಯೇನೋ ಮಾರಾಯ?" ಇದೆ ಅಮ್ಮ, ಟೆಕ್ಸಾಸಿನ ಹೊಲದ ತುಂಬ ಕಾಡುಹಂದಿಯೇ ಅಂದೆ. ಆದರೆ ನಾನಿನ್ನೂ ಕಾಗದದ ಗುರಿಗೇ ಹೊಡೆಯುತ್ತಿದ್ದೇನೆ. 100 ಗಜದಲ್ಲಿ ಗುಂಡು ಒಂದು ಗೇಣು ಮೇಲೆ ಬೀಳುತ್ತಿದೆ. ಸ್ವಲ್ಪ ಎತ್ತರದ ಮುಂದಿನ ಸೈಟು ಹುಡುಕುತ್ತಿದ್ದೇನೆ, ಸಿಕ್ಕಿಲ್ಲ. ಅಲ್ಲಿಯವರೆಗೆ ಕರಿ ಚುಕ್ಕಿ ಬಿಟ್ಟು ಅದರ ಕೆಳಗಿನ ಬಿಳಿ ಕಾಗದಕ್ಕೆ ಗುರಿ ಇಡೋದು.